ಲಾರ್ಡ್ ಅಡಿವೆಪ್ಪ

ಮಲಪ್ರಭೆಯ ದಂಡೆಯ ಮೇಲೆ ಬೂದೆಪ್ಪಜ್ಜನವರ ಆಶ್ರಮ. ಅಜ್ಜನವರಿಗೆ ವಯಸ್ಸಾಗಿತ್ತು. ಅವರ ನಂತರ ಗದ್ದುಗೆ ಯಾರಿಗೆ ಎಂಬುದು ಉಳಿದವರಿಗೆಲ್ಲ ಪ್ರಶ್ನೆ. ಹಿರಿಯ ಶಿಷ್ಯ ಅಡಿವೆಪ್ಪನಿಗೆ ಮಾತ್ರ ಉತ್ತರ ಗೊತ್ತಿತ್ತು.

ಅಡಿವೆಪ್ಪ ಇಂಗ್ಲಿಷ್ ಓದಿಕೊಂಡವನು. 'ಸ್ವಾಮಿ' ಎಂಬ ಹೆಸರು ಆ ದಂಡೆಯ ಮೇಲೆ ಕಂಡಕಂಡವರಿಗೆಲ್ಲ ಇತ್ತು, ಅದು ಅವನಿಗೆ ಸಾಲದು. ಕಿರಿಯರಿಂದ 'ಲಾರ್ಡ್' ಎಂದು ಕರೆಸಿಕೊಳ್ಳತೊಡಗಿದ. ಅವರೂ ನಗು ನುಂಗಿಕೊಂಡು ಕರೆಯುತ್ತಿದ್ದರು.

ಮಾತು ಅಜ್ಜನವರ ಕಿವಿಗೂ ಬಿತ್ತು.

“ಲಾರ್ಡ್ ಅಂದ್ರ ಏನಪಾ?”

“ಪ್ರಭು ಅಂತರಿ ಅಜ್ಜಾರ. ಒಡೆಯ, ಆಳಾಂವ.”

“ಅದು ಈಗಿನ ಅರ್ಥ. ಆ ಮಾತು ಹುಟ್ಟಿದಾಗ ಏನಿತ್ತು?”

ಅಡಿವೆಪ್ಪನಿಗೆ ಅದೂ ಗೊತ್ತಿತ್ತು. ಗೊತ್ತಿದ್ದದ್ದೇ ಪೇಚಿಗೆ ಬಂತು. ಗುರುವಿಗೆ ಸುಳ್ಳು ಹೇಳುವಂತಿಲ್ಲ.

“ಹಳೇ ಇಂಗ್ಲಿಷಿನಾಗ... ರೊಟ್ಟಿ ಕಾಯಾಂವ ಅಂತರಿ.”

ಕಿರಿಯರಿಗೆ ಇನ್ನು ನಗು ತಡೆಯಲಾಗಲಿಲ್ಲ. ಅಜ್ಜನವರು ನಗಲಿಲ್ಲ.

“ಎಂಥಾ ಚಲೋ ಹೆಸರು. ಹಂಗಾದ್ರ ಇವತ್ತಿನ ದಾಸೋಹದ ರೊಟ್ಟಿ ನೀನ ಕಾಯಿ. ಸರಿಯಾಗಿ ಕಾಯ್ದಿ ಅಂದ್ರ ಗದ್ದಿಗಿ ನಿಂದ.”

ಗದ್ದುಗೆ ಇಷ್ಟು ಅಗ್ಗಕ್ಕೆ ಸಿಕ್ಕೀತೆಂದು ಅಡಿವೆಪ್ಪ ಕನಸಿನಲ್ಲೂ ಎಣಿಸಿರಲಿಲ್ಲ. ಕೋಲು ಹಿಡಿದು, ಜೋಳದ ರೊಟ್ಟಿಯ ಬುಟ್ಟಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಕಾಗೆ ಓಡಿಸಿದ. ನಾಯಿ ಓಡಿಸಿದ. ಬಡಿಸಲು ಬಂದ ಅಡಿಗೆಯವಳನ್ನೂ ಓಡಿಸಿದ.

ಪಂಕ್ತಿಯಲ್ಲಿ ಕೂತವರ ಮುಂದೆ ಝುಣಕ ಆರಿ ತಣ್ಣಗಾಯಿತು. ದೂರದಿಂದ ನಡೆದು ಬಂದಿದ್ದ ಮುದುಕಿಯೊಬ್ಬಳು ಬಾಯಿಬಿಟ್ಟು ಕೇಳಿದಳು.

“ಒಂದ ರೊಟ್ಟಿ ನೀಡೋ ಯಪ್ಪಾ. ಹೊಟ್ಟಿ ಚುರುಗುಡಾಕತ್ತೇತಿ.”

“ಕಾಯಾಕ ಹೇಳ್ಯಾರ ಯಮ್ಮಾ, ಕೊಡಾಕ ಹೇಳಿಲ್ಲ,” ಎಂದ ಅಡಿವೆಪ್ಪ.

ಅವನ ಹೊಟ್ಟೆಯೂ ಚುರುಗುಡುತ್ತಿತ್ತು. ಪಾಪ, ತಾನೂ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿರಲಿಲ್ಲ. ಆ ಮಟ್ಟಿಗೆ ಮನುಷ್ಯ ಪ್ರಾಮಾಣಿಕ.

ಅಜ್ಜನವರು ಬಂದರು.

“ಒಂದೂ ಕಮ್ಮಿ ಆಗಿಲ್ಲರಿ ಅಜ್ಜಾರ,” ಎಂದು ಅಡಿವೆಪ್ಪ ಎದೆಯುಬ್ಬಿಸಿದ.

ಅಜ್ಜನವರು ಬುಟ್ಟಿ ನೋಡಿದರು, ಪಂಕ್ತಿ ನೋಡಿದರು. ಅವರಿಗೆ ನಿಜಕ್ಕೂ ಸಂಕಟವಾಯಿತು. ಒಂದೇ ಮಾತು ಹೇಳಿದರು.

“ಹಂಚು.”

ಅಡಿವೆಪ್ಪ ಅಡಿಗೆಮನೆಗೆ ಓಡಿದ. ರೊಟ್ಟಿ ಸುಡುವ ಕರೀ ಹಂಚನ್ನು ಆರಿದ್ದ ಒಲೆಯಿಂದ ಎತ್ತಿ ಎದೆಗವಚಿಕೊಂಡು ತಂದು, ಬಿಳೀ ಅಂಗಿಗೆಲ್ಲ ಮಸಿ ಬಳಿದುಕೊಂಡು, ಗುರುವಿನ ಕಾಲ ಬಳಿ ಇಟ್ಟ.

ಹಸಿದ ಪಂಕ್ತಿಯೆಲ್ಲ ಗೊಳ್ಳೆಂದು ನಕ್ಕಿತು. ಮುದುಕಿಯಂತೂ ಹಸಿದ ಹೊಟ್ಟೆಯನ್ನೇ ಹಿಡಿದುಕೊಂಡು ನಕ್ಕಳು.

“ಒಲಿ ಮ್ಯಾಲಿನ ಹಂಚಲ್ಲಪಾ. ರೊಟ್ಟಿ ಹಂಚು ಅಂದೆ,” ಎಂದರು ಅಜ್ಜನವರು.

ಅಡಿವೆಪ್ಪನಿಗೆ ನಾಚಿಕೆಯಿಂದ ನೆಲಕ್ಕಿಳಿದು ಹೋದಂತಾಯಿತು. ತಲೆ ಎತ್ತದೆ ಬುಟ್ಟಿಗೆ ಕೈ ಹಾಕಿ, ಮೊದಲ ರೊಟ್ಟಿಯನ್ನು ಮುದುಕಿಯ ತಟ್ಟೆಗೆ ನೀಡಿದ. ಆದರೂ ಆಸೆ ಬಿಡಬೇಕಲ್ಲ.

“ಮತ್ತ... ಗದ್ದಿಗಿ ಅಜ್ಜಾರ?”

“ಬುಟ್ಟಿ ಖಾಲಿ ಆದಮ್ಯಾಲೂ ಯಾರರ ನಿನಗ ಲಾರ್ಡ್ ಅಂದ್ರ, ಆಗ ಬಂದು ಕೇಳು.”