ಪಟ್ಟಿಯ ಕೊನೆಯ ಸಾಲು

ಗುರು ಕೇತಯ್ಯನವರು ಎಂಥ ಚಳಿಯಲ್ಲೂ ಹೊದ್ದುಕೊಳ್ಳುತ್ತಿರಲಿಲ್ಲ. ಸೊಂಟಕ್ಕೊಂದು ತುಂಡು ಪಂಚೆ, ಅಷ್ಟೇ. ಶಿಷ್ಯರು ತಂದುಕೊಟ್ಟ ಕಂಬಳಿಗಳೆಲ್ಲ ಹೊಳೆದಂಡೆಯ ಬಡವರ ಪಾಲಾಗುತ್ತಿದ್ದವು.

ಅವರು ಹಿಂದೆ ಕೋಟೆಯ ಆಯುಧಶಾಲೆಗೆ ಅಧಿಕಾರಿಯಾಗಿದ್ದವರು. ಈಗ ಆ ಕೆಲಸ ಅವರ ಶಿಷ್ಯ ಬಲ್ಲಣನದು. ಕತ್ತಿಯ ಹದ, ಬಿಲ್ಲಿನ ಬಿಗಿ, ಮನುಷ್ಯರ ಮಾತಿನ ಟೊಳ್ಳು, ಎಲ್ಲವನ್ನೂ ಅವನಿಗೆ ಕಲಿಸಿದವರು ಅವರೇ.

ಒಂದು ಮಧ್ಯಾಹ್ನ ಬಲ್ಲಣ ಕುದುರೆ ಓಡಿಸಿಕೊಂಡು ಗುರುಗಳ ಗುಡಿಸಲಿಗೆ ಬಂದ. ಬಿಸಿಲು ನೆತ್ತಿಯ ಮೇಲಿತ್ತು. ಹೊಳೆಯ ಎರಡೂ ದಂಡೆಯಲ್ಲಿ ಒಂದು ಕಾಗೆಯೂ ಕೂಗುತ್ತಿರಲಿಲ್ಲ.

"ಗುರುಗಳೇ, ಹೊನ್ನಜ್ಜಿ ಬಟ್ಟೆ ತಂದಿದ್ದಾಳೆ" ಅಂದ. ಕುದುರೆಯಿಂದ ಇಳಿಯುವಷ್ಟು ತಾಳ್ಮೆಯೂ ಇರಲಿಲ್ಲ ಅವನಿಗೆ.

ಗುರುಗಳು ಅವರೆಕಾಯಿ ಬಿಡಿಸುತ್ತಿದ್ದರು. ಕೈ ನಿಂತಿತು.

"ಎಷ್ಟು?"

"ಇನ್ನೂರ ತೊಂಬತ್ತು."

"ದಂಡಿಗೆ ಹೊರಟವರು ಎಷ್ಟು ಜನ?"

"ಮುನ್ನೂರು."

ಇಲ್ಲಿ ಆ ಕೋಟೆಯ ಪದ್ಧತಿಯ ಬಗ್ಗೆ ಒಂದು ಮಾತು ಹೇಳಬೇಕು. ಅಲ್ಲಿ ಒಂದು ಸೂಜಿ ಕೊಳ್ಳಬೇಕಾದರೂ ಮೂರು ಜನ ತಲೆಯಾಡಿಸಬೇಕಿತ್ತು. ದಳವಾಯಿ ಬೇಕಾದದ್ದರ ಪಟ್ಟಿ ಬರೆಸಬೇಕು. ಕಸುಬುದಾರರು ಮಾದರಿ ತಂದು ತೋರಿಸಬೇಕು. ಆಯುಧಶಾಲೆಯ ಅಧಿಕಾರಿ ಪರೀಕ್ಷೆ ಮಾಡಿ ಒಪ್ಪಿಗೆಯ ಮುದ್ರೆ ಒತ್ತಬೇಕು. ಮುದ್ರೆ ಸುಳ್ಳೆಂದು ಗೊತ್ತಾದರೆ ಒತ್ತಿದವನ ತಲೆ ಹಾರುತ್ತಿತ್ತು. ಅದಕ್ಕೆ ಮಾತ್ರ ಯಾರೂ ತಲೆಯಾಡಿಸಬೇಕಾಗಿರಲಿಲ್ಲ.

ಪಟ್ಟಿಯಲ್ಲಿ ಪ್ರತಿ ಸಾಮಾನಿನ ಮುಂದೆಯೂ ಸಂಖ್ಯೆ ಇರುತ್ತಿತ್ತು. ಭರ್ಜಿ ಮುನ್ನೂರು, ಗುರಾಣಿ ಮುನ್ನೂರು, ಜೀನು ನಲವತ್ತು. ಕೊನೆಯ ಸಾಲಿಗೆ ಮಾತ್ರ ಸಂಖ್ಯೆ ಇಲ್ಲ. 'ಬಿಳಿ ಬಟ್ಟೆ, ಆಳುದ್ದದ್ದು' ಅಂತಷ್ಟೇ. ಅದು ಸತ್ತವರಿಗೆ ಹೊದಿಸುವ ಬಟ್ಟೆ. ಅದರ ಮುಂದೆ ಸಂಖ್ಯೆ ಬರೆಸಲು ಯಾವ ದಳವಾಯಿಗೂ ಬಾಯಿ ಬಂದಿರಲಿಲ್ಲ. ನೇಕಾರರ ಕೇರಿಯ ಹೊನ್ನಜ್ಜಿ ತನಗೆ ತೋಚಿದಷ್ಟು ನೇಯಿಸಿ ತರುತ್ತಿದ್ದಳು.

ಹೋದ ಸಲ ಹನ್ನೊಂದು ತಂದಿದ್ದಳು. ಹನ್ನೊಂದೂ ಖರ್ಚಾದವು. ಅದರ ಹಿಂದಿನ ಸಲ ನಾಲ್ಕು. ನಾಲ್ಕೂ ಖರ್ಚಾದವು.

"ಒಂದು ತಿಂಗಳಿಂದ ಅವಳ ಕೇರಿಯ ಮಗ್ಗಗಳು ನಿಂತೇ ಇಲ್ಲವಂತೆ" ಅಂದ ಬಲ್ಲಣ, ಇಳಿದು ಬಂದು. "ಯಾಕಜ್ಜಿ ಇಷ್ಟೊಂದು ಅಂತ ಕೇಳಿದೆ. 'ಸಾಲದಿದ್ದರೆ ಹೇಳಪ್ಪಾ, ಮಗ್ಗ ಇನ್ನೂ ಬಿಚ್ಚಿಲ್ಲ' ಅಂದಳು. ನಾಡಿದ್ದು ಬೆಳಿಗ್ಗೆ ಮುಹೂರ್ತ, ಗುರುಗಳೇ. ಹೊಳೆ ದಾಟಿ ಹೋಗುತ್ತಾರೆ. ನನ್ನ ತಮ್ಮ ದೇವಣನೂ ಹೋಗುತ್ತಾನೆ."

"ಬಟ್ಟೆಗೆ ಮುದ್ರೆ ಒತ್ತಿದೆಯಾ?"

"ಇಲ್ಲ. ಒತ್ತುವುದೂ ಇಲ್ಲ. ಗಾಡಿ ಸಮೇತ ವಾಪಸ್ ಕಳಿಸಿಬಿಡುತ್ತೇನೆ. ಬಟ್ಟೆ ಒಳಗೆ ಬರದಿದ್ದರೆ..."

"ಬರದಿದ್ದರೆ?"

"ಸಾವೂ ಬರಲಿಕ್ಕಿಲ್ಲ."

ಗುರುಗಳು ಹೊಳೆಯ ಕಡೆ ನೋಡಿದರು. "ನಾನೂ ಒಮ್ಮೆ ವಾಪಸ್ ಕಳಿಸಿದ್ದೆ" ಅಂದರು.

ಇಷ್ಟು ವರ್ಷ ಅವರ ಕಾಲ ಬುಡದಲ್ಲಿ ಕೂತು ಕಲಿತ ಬಲ್ಲಣ ಈ ಮಾತನ್ನು ಎಂದೂ ಕೇಳಿರಲಿಲ್ಲ.

"ಆಗಲೂ ಹೊನ್ನಜ್ಜಿಯೇನಾ?"

"ಆಗಲೂ ಅವಳೇ. ಆಗಲೂ ಅಜ್ಜಿಯೇ. ನೂರ ಎಪ್ಪತ್ತು ತಂದಿದ್ದಳು. ಬೈದು ಓಡಿಸಿದೆ. ಒಂದು ತುಂಡನ್ನೂ ಹೊಸಿಲು ದಾಟಲು ಬಿಡಲಿಲ್ಲ."

"ಯಾರೂ ಸಾಯಲಿಲ್ಲ ಅಲ್ಲವೇ?"

"ಸತ್ತರು. ಹೊದಿಸಲು ಬಟ್ಟೆ ಇರಲಿಲ್ಲ."

ಬಲ್ಲಣನ ಕಣ್ಣು ಗುರುಗಳ ಬರಿಮೈ ಮೇಲೆ ಹೋಯಿತು. ಆ ಉರಿಬಿಸಿಲಲ್ಲೂ ಅವನ ತೋಳಿನ ರೋಮ ಎದ್ದು ನಿಂತವು.

"ಸಾಮಾನೆಲ್ಲ ಬಂದ ಮೇಲೆ ಅಜ್ಜಿ ಆಯುಧಶಾಲೆಯನ್ನು ಒಂದು ಸುತ್ತು ಹಾಕುತ್ತಾಳಲ್ಲ, ಈ ಸಲ ಬಂದಿದ್ದಳೇ?" ಎಂದು ಗುರುಗಳು ಕೇಳಿದರು.

"ಬಂದಿದ್ದಳು. ಹೋದ ತಿಂಗಳು."

"ಏನು ಮುಟ್ಟಿದಳು?"

ಬಲ್ಲಣ ನೆನಪು ಮಾಡಿಕೊಂಡ. ಭರ್ಜಿಗಳನ್ನು ಅವಳು ತಿರುಗಿಯೂ ನೋಡಿರಲಿಲ್ಲ. ಜೀನುಗಳನ್ನೂ ಅಷ್ಟೇ. ಗುರಾಣಿಗಳ ಮುಂದೆ ನಿಂತಿದ್ದಳು. ಬಗ್ಗಿ, ಎಳೆಮಗುವಿನ ನೆತ್ತಿ ಮೂಸುವ ಹಾಗೆ ಒಂದನ್ನು ಮೂಸಿದ್ದಳು. ಆಮೇಲೆ ಇನ್ನೊಂದನ್ನು. ಸಾಲಿನುದ್ದಕ್ಕೂ ಮೂಸುತ್ತಾ, ಬಾಯಲ್ಲೇ ಏನೋ ಎಣಿಸುತ್ತಾ ಹೋಗಿದ್ದಳು. ಮುದುಕಿಗೆ ಅರಳುಮರಳು ಎಂದು ಅವನು ಆಗ ನಕ್ಕಿದ್ದ.

"ಗುರಾಣಿ" ಅಂದ.

"ಪರೀಕ್ಷೆ ಮಾಡಿದ್ದೆಯಾ?"

"ಮಾಡಿದ್ದೆ ಗುರುಗಳೇ. ಮಾದರಿಯನ್ನು ಕಂಬಕ್ಕೆ ಕಟ್ಟಿ, ಇಡೀ ಕೋಟೆಯ ಎದುರು ಭರ್ಜಿಯಿಂದ ಹತ್ತು ಸಲ ತಿವಿದೆ. ಒಂದು ಗೀರೂ ಬೀಳಲಿಲ್ಲ."

"ಮಾದರಿ ಸರಿ. ಆಮೇಲೆ ಬಂದ ಮುನ್ನೂರನ್ನು?"

ಬಲ್ಲಣ ತಲೆ ತಗ್ಗಿಸಿದ.

"ತಡವಾಗಿ ಬಂದವು. ಅಭ್ಯಾಸಕ್ಕೆ ಬೇಕು ಎಂದು ದಳವಾಯಿಗಳು ಅವಸರ ಮಾಡಿದರು. ಮಾದರಿ ನೋಡಿದ್ದೀಯಲ್ಲ, ಮತ್ತೇನು ನೋಡುತ್ತೀ ಅಂದರು. ಒತ್ತಿಬಿಟ್ಟೆ."

"ಮುನ್ನೂರನ್ನೂ ಹಂಚಿದೆಯಾ?"

"ಇಲ್ಲ. ಹಳಬರು ಹತ್ತು ಜನ ಹೊಸದು ಬೇಡ, ನಮ್ಮ ಹಳೆಯದೇ ಸಾಕು ಎಂದು ಹಟ ಹಿಡಿದರು. ಹೊಸದು ಹಿಡಿದವರು ಇನ್ನೂರ..."

ಅವನ ಕಣ್ಣು ಕುದುರೆಯ ಕಡೆ ಹೊರಳಿತು.

ಮಿಕ್ಕ ಹತ್ತರಲ್ಲಿ ಒಂದು ಬಲ್ಲಣನ ಜೀನಿಗೇ ತೂಗುಬಿದ್ದಿತ್ತು. ಎಮ್ಮೆಚರ್ಮದ ಗುರಾಣಿ. ಮೇಲೆ ಕರೀ ಅರಗಿನ ಲೇಪ, ಮುಖ ನೋಡಿಕೊಳ್ಳುವಷ್ಟು ಮಿರಮಿರ ಮಿನುಗುತ್ತಿತ್ತು.

"ಅದನ್ನು ತಾ" ಅಂದರು ಗುರುಗಳು.

ಹೊಳೆಯಲ್ಲಿ ಅದನ್ನು ಮುಳುಗಿಸಿ ಮೇಲೊಂದು ಕಲ್ಲು ಹೇರಿದರು. ವಾಪಸ್ ಬಂದು ಕೂತರು.

"ಬಾ, ಅವರೆಕಾಯಿ ಬಿಡಿಸು."

ಬಲ್ಲಣ ಬಿಡಿಸಿದ. ಒಂದು ಕಾಳೂ ಬುಟ್ಟಿಗೆ ನೆಟ್ಟಗೆ ಬೀಳಲಿಲ್ಲ. ಗುಡಿಸಲಿನ ನೆರಳು ಅವರ ಕಾಲು ದಾಟಿ ಹೊಳೆಯ ಮೆಟ್ಟಿಲು ಮುಟ್ಟಿತು.

ಆಮೇಲೆ ಗುರುಗಳು ಗುರಾಣಿಯನ್ನು ಎತ್ತಿ ತಂದು ಬಂಡೆಗೆ ಆನಿಸಿದರು. ಅರಗು ಹಾಗೇ ಮಿನುಗುತ್ತಿತ್ತು. ತಮ್ಮ ಊರುಗೋಲನ್ನು ಅದರ ನಡುವಿಗೆ ಇಟ್ಟು ಮೆಲ್ಲಗೆ ಒತ್ತಿದರು.

ಸದ್ದೇ ಆಗಲಿಲ್ಲ. ಬೆಂದ ಗೆಣಸಿಗೆ ಕಡ್ಡಿ ಚುಚ್ಚಿದ ಹಾಗೆ ಕೋಲು ಒಳಗೆ ಹೋಗಿ ಬಂಡೆಗೆ ತಾಗಿತು.

ತೂತಿನಿಂದ ಸತ್ತ ದನದ ನಾತ ಬಂತು. ಹದ ಮಾಡದ, ನೆನೆದರೆ ಮೆತ್ತಗಾಗುವ ಹಸೀ ಚರ್ಮಕ್ಕೆ ಅರಗು ಬಳಿದಿದ್ದರು. ಅಲ್ಲಿಯವರೆಗೆ ಎಲ್ಲೂ ಕಾಣದ ನೊಣಗಳು ಎಲ್ಲಿಂದಲೋ ಬಂದು ಆ ತೂತಿನ ಸುತ್ತ ಕೂತವು.

ಬಲ್ಲಣ ಮರಳಿನ ಮೇಲೆ ಕುಸಿದ. ದೇವಣ ಹೊಸ ಗುರಾಣಿಯನ್ನು ತೋಳಿಗೇರಿಸಿಕೊಂಡು ಕುಣಿದದ್ದು ಕಣ್ಣಿಗೆ ಕಟ್ಟಿತು. 'ಅಣ್ಣನೇ ಮುದ್ರೆ ಒತ್ತಿದ್ದಾನೆ, ನನಗೇನು ಭಯ' ಅಂದಿದ್ದ ಅವನು. ಬಲ್ಲಣನಿಗೆ ಅಳು ತಡೆಯಲಾಗಲಿಲ್ಲ.

ಕಣ್ಣೊರೆಸಿಕೊಂಡು ಕೇಳಿದ, "ಆ ಸಲ ನಿಮ್ಮದೂ ಗುರಾಣಿಯೇನಾ?"

"ಬಿಲ್ಲು. ಹೊರಡುವ ಹಿಂದಿನ ದಿನ ಗೊತ್ತಾಯಿತು."

"ದಳವಾಯಿಗೆ ಹೇಳಲಿಲ್ಲವೇ?"

"ತಲೆಯ ಮೇಲೆ ಆಸೆಯಿತ್ತು. ಬಟ್ಟೆ ವಾಪಸ್ ಕಳಿಸಿ ಸುಮ್ಮನಾದೆ."

"ಆಮೇಲೆ ನಿಮ್ಮನ್ನು ಯಾರೂ ಕೇಳಲಿಲ್ಲವೇ?"

"ಕೇಳಬೇಕಾದವರು ಯಾರೂ ವಾಪಸ್ ಬರಲಿಲ್ಲ."

ಅದನ್ನು ಹೇಳುವಾಗ ಗುರುಗಳು ಹೊಳೆಯ ಆಚೆ ದಂಡೆಯನ್ನು ನೋಡುತ್ತಿದ್ದರು. ಯಾರನ್ನೋ ಎಣಿಸುವವರಂತೆ ಅವರ ತುಟಿ ಅಲುಗುತ್ತಿತ್ತು. ಬಲ್ಲಣನೂ ತಿರುಗಿ ನೋಡಿದ. ಬರೀ ಮರಳು, ಬರೀ ಬಿಸಿಲು. ಆದರೂ ಅವನಿಗೆ ಮತ್ತೊಮ್ಮೆ ಆ ಕಡೆ ನೋಡುವ ಧೈರ್ಯ ಬರಲಿಲ್ಲ.

"ನನ್ನ ಮುದ್ರೆ ಸುಳ್ಳು ಅಂತ ನಾನೇ ಹೋಗಿ ಹೇಳಿದರೆ ದಂಡು ನಿಲ್ಲುತ್ತದೆ" ಅಂದ.

"ನಿಲ್ಲುತ್ತದೆ."

"ನನ್ನ ತಲೆ ಹೋಗುತ್ತದೆ."

"ಹೋಗುತ್ತದೆ."

ಗುರುಗಳು ಸುತ್ತಿ ಬಳಸಿ ಸಮಾಧಾನ ಹೇಳಲಿಲ್ಲ. ಹೇಳಿದ್ದರೆ ಬಲ್ಲಣ ಅಲ್ಲೇ ಕೂತುಬಿಡುತ್ತಿದ್ದನೋ ಏನೋ.

ಅವನು ಎದ್ದ. ತೂತುಬಿದ್ದ ಗುರಾಣಿಯನ್ನು ಜೀನಿಗೆ ಕಟ್ಟಿದ. ಕುದುರೆ ಹತ್ತಿ, ಅದರ ಮುಖವನ್ನು ಕೋಟೆಯ ಕಡೆಗೆ ತಿರುಗಿಸಿದ.

ಗುರುಗಳು ಹತ್ತಿರ ಬಂದು ಶಿಷ್ಯನ ಪಾದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಬಲ್ಲಣನಿಗೆ ಕಾಲು ಎಳೆದುಕೊಳ್ಳಲೂ ಆಗಲಿಲ್ಲ.

"ಗುರುಗಳೇ, ಅಜ್ಜಿಯ ಗಾಡಿ ಇನ್ನೂ ಬಾಗಿಲಲ್ಲೇ ನಿಂತಿದೆ. ಆ ಬಟ್ಟೆಗಳನ್ನು ಏನು ಮಾಡಲಿ?"

"ಒಂದನ್ನು ಇಟ್ಟುಕೋ ಮಗೂ. ಉಳಿದದ್ದನ್ನೆಲ್ಲ ವಾಪಸ್ ಕಳಿಸು."