ಓಣಿಯ ಬಾಗಿಲು

"ಮದರ್, ಕಾನ್ವೆಂಟಿನ ಹಿಂಬಾಗಿಲನ್ನು ಇನ್ನಾದರೂ ಮುಚ್ಚಿಸಬಾರದೇ? ಯಾರಾದರೂ ನೋಡಿಯಾರು ಎಂದು ಅಂಜುತ್ತ ಬರುವವರ ಭಕ್ತಿ ಎಂಥ ಭಕ್ತಿ? ನಂಬಿಕೆ ಇದ್ದವರು ಮುಂಬಾಗಿಲಿನಿಂದಲೇ ಬರಲಿ" ಎಂದು ಕಿರಿಯ ಸಿಸ್ಟರ್ ಅಪೊಲಿನ್ ಕೇಳಿದಳು.

"ಮೊದಲು ನೆಟ್ಟಗೆ ಕುಳಿತುಕೋ" ಎಂದು ಮದರ್ ಹೇಳತೊಡಗಿದರು.

ಒಂದು ಪ್ರೊಟೆಸ್ಟಂಟ್ ನಗರ. ಅಲ್ಲಿ ಕ್ಯಾಥೊಲಿಕರು ಕೆಲವೇ ಮಂದಿ. ಅವರ ಚರ್ಚಿಗೆ ಗೋಪುರ ಇರಕೂಡದು, ಗಂಟೆ ಬಾರಿಸಕೂಡದು, ಬೀದಿಗೆ ಬಾಗಿಲು ತೆರೆಯಕೂಡದು ಎಂದು ನಗರದ ಕಟ್ಟಳೆ ಇತ್ತು. ಜನರು ಓಣಿಯ ಸಣ್ಣ ಬಾಗಿಲಿನಿಂದ ಒಬ್ಬೊಬ್ಬರಾಗಿ ಪೂಜೆಗೆ ಬರುತ್ತಿದ್ದರು. ಕಾಲ ಬದಲಾಯಿತು, ಕಟ್ಟಳೆ ಹೋಯಿತು. ಗೋಪುರ ಎದ್ದಿತು. ಮುಖ್ಯ ಬೀದಿಗೆ ಎತ್ತರದ ಬಾಗಿಲು ಬಂತು. ಅದನ್ನು ಮಾಡಿಸಿಕೊಟ್ಟವನು ಒಬ್ಬ ವ್ಯಾಪಾರಿ.

ಅವನಿಗೆ ಒಬ್ಬನೇ ಮಗ. ಮಗ ಪ್ರೊಟೆಸ್ಟಂಟ್ ಹುಡುಗಿಯನ್ನು ಅವಳ ಚರ್ಚಿನಲ್ಲೇ ಮದುವೆಯಾಗಿದ್ದ. "ದೊಡ್ಡ ಬಾಗಿಲಿನಿಂದ ಬಂದು ಎಲ್ಲರೆದುರು ಕ್ಷಮೆ ಕೇಳಲಿ, ಆಮೇಲೆ ಅವನು ನನ್ನ ಮಗ" ಎಂದು ವ್ಯಾಪಾರಿ ಹೇಳಿ ಕಳುಹಿಸಿದ್ದ. ಮಗ ಬಂದಿರಲಿಲ್ಲ.

ಒಂದು ದಿನ ವ್ಯಾಪಾರಿ ಪಾದ್ರಿಗಳ ಬಳಿಗೆ ಹೋದ. "ಫಾದರ್, ಓಣಿಯ ಬಾಗಿಲಿಗೆ ಗೋಡೆ ಎಬ್ಬಿಸಿಬಿಡೋಣ. ಸಂದಿಯಲ್ಲಿ ನುಸುಳುವುದಕ್ಕೆ ನಾವೇನು ಕಳ್ಳರೇ?"

"ನಿಮ್ಮ ಅಜ್ಜಿ ಅಲ್ಲಿಂದಲೇ ಬರುತ್ತಿದ್ದರಲ್ಲ, ಅವರೇನು ಕಳ್ಳರೇ?" ಎಂದರು ಪಾದ್ರಿಗಳು. "ನಾಳೆ ಬೆಳಗಿನ ಪೂಜೆಗೆ ಆ ಬಾಗಿಲ ಬಳಿಯ ಕಂಬದ ಹಿಂದೆ ಕುಳಿತು ನೋಡಿ. ಆಮೇಲೆ ಬೇಕಾದರೆ ಕಲ್ಲು ತರಿಸಿ."

ವ್ಯಾಪಾರಿ ಕುಳಿತ. ಪೂಜೆ ಶುರುವಾದ ಮೇಲೆ ಓಣಿಯ ಬಾಗಿಲು ಕಿರ್ರೆಂದಿತು. ಬಂದವನು ಆ ಸದ್ದಿಗೆ ತಾನೇ ಬೆಚ್ಚಿ ಹೊಸ್ತಿಲಲ್ಲಿ ನಿಂತ. ಹಿಂದಿರುಗಿಯೇಬಿಡುತ್ತಾನೆ ಎನ್ನುವಷ್ಟು ಹೊತ್ತು ನಿಂತ. ಆಮೇಲೆ ಒಳಗೆ ಬಂದು ಮೂಲೆಯಲ್ಲಿ ಮೊಣಕಾಲೂರಿದ. ಅವನು ವ್ಯಾಪಾರಿಯ ಮಗ.

ವ್ಯಾಪಾರಿ ಅಲುಗಾಡಲಿಲ್ಲ. ಕೆಮ್ಮು ಬಂದರೂ ನುಂಗಿಕೊಂಡ. ಪೂಜೆ ಮುಗಿಯುವ ಮೊದಲೇ ಮಗ ಎದ್ದು, ಬಂದ ದಾರಿಯಲ್ಲೇ ಹೋದ.

ಮರುದಿನ ವ್ಯಾಪಾರಿ ಓಣಿಗೆ ಬಂದ. ಕಲ್ಲು ತರಲಿಲ್ಲ, ಎಣ್ಣೆ ತಂದಿದ್ದ. ಬಾಗಿಲು ಸದ್ದಿಲ್ಲದೆ ತೆರೆಯುವವರೆಗೂ ತನ್ನ ಕೈಯಿಂದಲೇ ಅದರ ಕೀಲುಗಳಿಗೆ ಎಣ್ಣೆ ಬಿಟ್ಟ.

ಮದರ್ ಕತೆ ನಿಲ್ಲಿಸಿದರು. ಅಪೊಲಿನ್ ಸೋಲಲಿಲ್ಲ. "ಆದರೂ ಮದರ್, ಆ ಮಗನಿಗೆ ಸ್ವಲ್ಪ ಧೈರ್ಯ ಬೇಕಿತ್ತು."

ಮದರ್ ಎದ್ದು ನಿಂತು ಕೇಳಿದರು: "ನಿನ್ನ ಅಪ್ಪನಿಗೆ ಹೇಳದೆ ಈ ಕಾನ್ವೆಂಟಿಗೆ ಸೇರಲು ಬಂದೆಯಲ್ಲ, ಆ ದಿನ ನೀನು ತಟ್ಟಿದ್ದು ಯಾವ ಬಾಗಿಲನ್ನು, ಅಪೊಲಿನ್?"