ಕಲ್ಲು ಕುಡಿದ ಸಾಹೇಬರು

ವಾರಿಜಕ್ಕನ ಕಳ್ಳಿನ ಗಡಂಗಿಗೆ ಒಂದು ಮಧ್ಯಾಹ್ನ ಅಬಕಾರಿ ಇಲಾಖೆಯ ಸಾಹೇಬರು ತಪಾಸಣೆಗೆ ಬಂದರು. ಬಗಲಲ್ಲಿ ದಪ್ಪ ಫೈಲು, ಮುಖದಲ್ಲಿ ಇಡೀ ಸರ್ಕಾರ. ಬೈಕಿನ ಕೀ ಮೇಜಿನ ಮೇಲಿಟ್ಟು ಕೇಳಿದರು:

“ಅಮಲೇರಿದವನಿಗೆ ಮತ್ತೆ ಕೊಡಬಾರದು ಅಂತ ಹೊಸ ನಿಯಮ. ಅಮಲು ಅಳೆಯುವ ಯಂತ್ರ ಎಲ್ಲಿ?”

“ಯಂತ್ರ ಇಲ್ಲ ಸರ್. ನಮ್ಮ ಅತ್ತೆಯ ಕಾಲದಿಂದ ಒಂದು ಪರೀಕ್ಷೆ ಉಂಟು.”

“ಪರೀಕ್ಷೆಯಂತೆ. ಯಂತ್ರ ಇಲ್ಲದಿದ್ದರೆ ಇವತ್ತೇ ಬೀಗ.”

ಬೆಂಚಿನ ಮೇಲಿದ್ದವರು ಕುಡಿಯುವುದನ್ನೇ ಮರೆತರು.

ವಾರಿಜಕ್ಕ ಸೆರಗಿಗೆ ಕೈ ಒರೆಸಿಕೊಂಡಳು. “ಎರಡನೇ ಕುಪ್ಪಿ ಬೇಕಾದವರು ಒಂದು ಮಾತನ್ನು ತಪ್ಪದೆ ಬೇಗ ಹೇಳಬೇಕು ಸರ್. ತಪ್ಪಿದರೆ ಅವರ ಗಾಡಿ ಕೀ ನನ್ನ ಡಬ್ಬಿಗೆ, ಅವರು ಬಸ್ಸಿಗೆ. ಮಾತು ಇಷ್ಟೇ: ಕಲ್ಲು ಕದ್ದ ಕಳ್ಳ ಕಳ್ಳು ಕುಡಿದು ಕಲ್ಲಿನ ಮೇಲೆ ಕೂತ.”

“ಇದನ್ನು ಯಾರು ಬೇಕಾದರೂ ಹೇಳುತ್ತಾರೆ” ಎಂದು ಸಾಹೇಬರು ಗಂಟಲು ಸರಿಮಾಡಿಕೊಂಡರು. “ಕಳ್ಳು ಕದ್ದ ಕಲ್ಲ... ಅಲ್ಲ. ಕಳ್ಳ ಕದ್ದ... ಕಲ್ಲು ಕುಡಿದು ಕಳ್ಳನ ಮೇಲೆ ಕೂತ.”

ನಗುವಿಗೆ ಬೆಂಚೇ ಅಲುಗಾಡಿತು. ಒಂದು ಕುಪ್ಪಿ ಮುಗಿಸಿ ಕೂತಿದ್ದ ದೂಮಪ್ಪ ಅದನ್ನೇ ಮೂರು ಸಲ ಸರಾಗವಾಗಿ ಹೇಳಿ ಎರಡನೆಯದನ್ನು ಗೆದ್ದುಕೊಂಡ.

ಕೊನೆಗೆ ಸಾಹೇಬರಿಗೂ ನಗು ತಡೆಯಲಾಗಲಿಲ್ಲ. ಫೈಲು ಬಿಡಿಸಿ, ‘ಯಂತ್ರಕ್ಕಿಂತ ಪರೀಕ್ಷೆ ಕಟ್ಟುನಿಟ್ಟು, ಅಂಗಡಿ ನಡೆಯಲಿ’ ಎಂದು ಬರೆದು ಸಹಿ ಹಾಕಿದರು. ಹೊರಡಲು ಮೇಜಿನ ಮೇಲೆ ಕೈಯಾಡಿಸಿದರೆ ಕೀ ಇಲ್ಲ.

ವಾರಿಜಕ್ಕ ಡಬ್ಬಿ ಅಲ್ಲಾಡಿಸಿದಳು. ಒಳಗೆ ಕೀ ಗಲಗಲ ಎಂದಿತು.

“ನಾನು ಒಂದು ಹನಿಯೂ ಕುಡಿದಿಲ್ಲಮ್ಮ.”

“ಇಲ್ಲಿ ಎಲ್ಲರೂ ಹಾಗೇ ಹೇಳುವುದು ಸರ್. ಮೂರೂವರೆಗೆ ಬಸ್ಸು ಉಂಟು.”